ರಾಜಕುಮಾರಿ ಸಿನಿಮಾ ನೋಡುವ ಮಗಳನ್ನು ತಡೆಯಬೇಕೇ?

ನಾಲ್ಕು ವರ್ಷದ ಮಗಳು ದಿನವೂ ರಾಜಕುಮಾರಿಯರ ಅನಿಮೇಷನ್ ಸಿನಿಮಾ ನೋಡುತ್ತಾಳೆ, ನೆಲ ಗುಡಿಸುವಷ್ಟು ಉದ್ದದ ಮಿನುಗು ಫ್ರಾಕ್ ಬಿಟ್ಟು ಬೇರೇನನ್ನೂ ತೊಡುವುದಿಲ್ಲ, ಆಡಲು ಕರೆದರೆ 'ರಾಜಕುಮಾರಿಯರು ಓಡುವುದಿಲ್ಲ' ಎನ್ನುತ್ತಾಳೆ, ಇದನ್ನೆಲ್ಲ ನಿಲ್ಲಿಸಬೇಕೇ ಎಂದು ಕೇಳಿದ್ದೀರಿ. ಸಿನಿಮಾ ನಿಲ್ಲಿಸಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಓಡುವುದಿಲ್ಲ ಎಂಬ ಆ ಮಾತನ್ನು ನಕ್ಕು ಮರೆಯಬೇಡಿ.

ನಾನು ಶಿಶುವಿಹಾರದಲ್ಲಿ ಕಲಿಸುವವಳು. ಮೂರು ನಾಲ್ಕು ವರ್ಷದ ಮಕ್ಕಳಿಗೆ ತಾನು ಹೆಣ್ಣು ಎಂಬುದು ಗೊತ್ತಿರುತ್ತದೆ, ನಾಳೆಯೂ ಹೆಣ್ಣಾಗಿಯೇ ಇರುತ್ತೇನೆಯೇ ಎಂಬುದು ಅಷ್ಟು ಖಚಿತವಿರುವುದಿಲ್ಲ. ಕೂದಲು ಕತ್ತರಿಸಿದರೆ ಗಂಡಾಗಿಬಿಡಬಹುದು ಎಂದು ನಿಜವಾಗಿಯೂ ಹೆದರುವ ಮಕ್ಕಳಿದ್ದಾರೆ. ಹಾಗಾಗಿ ಹೆಣ್ಣುತನದ ಅತ್ಯಂತ ಎದ್ದುಕಾಣುವ ಗುರುತನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಗುಲಾಬಿ ಬಣ್ಣ, ಕಿರೀಟ, ಫ್ರಾಕು. ಶಾಲೆ ಸೇರಿದ ಒಂದೆರಡು ವರ್ಷಗಳಲ್ಲಿ ಬಹುತೇಕರಿಗೆ ಈ ಹಟ ತಾನಾಗಿ ಸಡಿಲವಾಗುತ್ತದೆ. ಕೆಲವರಂತೂ ಗುಲಾಬಿ ಬಣ್ಣ ಕಂಡರೆ ಮುಖ ಸಿಂಡರಿಸತೊಡಗುತ್ತಾರೆ.

ಸಿನಿಮಾದಲ್ಲಿ ತೋರಿಸಿದ್ದನ್ನೆಲ್ಲ ಮಕ್ಕಳು ಹಾಗೆಯೇ ನುಂಗುತ್ತಾರೆ ಎಂಬುದನ್ನೂ ನಾನು ಒಪ್ಪುವುದಿಲ್ಲ. ಒಮ್ಮೆ ನಮ್ಮ ತರಗತಿಯಲ್ಲಿ ನಿದ್ರಿಸುವ ರಾಜಕುಮಾರಿ ಯಾರಾಗಬೇಕು ಎಂದು ಜಗಳವಾಯಿತು. ಗೆದ್ದವಳು ಗತ್ತಿನಿಂದ ಬೆಂಚಿನ ಮೇಲೆ ಮಲಗಿದಳು. ಸ್ವಲ್ಪ ಹೊತ್ತಿಗೇ ಒಂದು ಕಣ್ಣು ತೆರೆದು ನೋಡಿದಳು. ಡ್ರ್ಯಾಗನ್ ಆಗಿದ್ದವಳು ಕುರ್ಚಿಯ ಮೇಲೆ ನಿಂತು ಎಲ್ಲರ ಮೇಲೂ ಬೆಂಕಿ ಉಗುಳುತ್ತಿದ್ದಳು. ಇವಳು ತಟ್ಟನೆ ಎದ್ದು, 'ಇನ್ನು ನೀನು ಮಲಗು, ಈಗ ನಾನು ಡ್ರ್ಯಾಗನ್' ಎಂದಳು. ಮಲಗಿರುವುದು ಎಷ್ಟು ಬೇಸರದ ಕೆಲಸ ಎಂದು ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಹಾಗೆಂದು ಈ ಸಿನಿಮಾಗಳು ನಿರಪಾಯ ಎನ್ನಲಾರೆ. ಹಳೆಯವು ಕೆಟ್ಟವು, ಹೊಸವು ಒಳ್ಳೆಯವು ಎಂಬ ಲೆಕ್ಕವಂತೂ ಹೊಂದುವುದೇ ಇಲ್ಲ. ಕಾರ್ಮೆನ್ ಫೌಟ್ ಮತ್ತು ಕ್ಯಾರೆನ್ ಐಸೆನ್‌ಹೋವರ್ ಎಂಬ ಭಾಷಾವಿಜ್ಞಾನಿಗಳು ಡಿಸ್ನಿಯ ರಾಜಕುಮಾರಿ ಚಿತ್ರಗಳ ಸಂಭಾಷಣೆಯಲ್ಲಿ ಯಾರು ಎಷ್ಟು ಮಾತನಾಡುತ್ತಾರೆ ಎಂದು ಎಣಿಸಿದರು. 1937ರ 'ಸ್ನೋ ವೈಟ್'ನಲ್ಲಿ ಮಾತು ಹೆಚ್ಚುಕಡಿಮೆ ಅರ್ಧರ್ಧ. 1989ರ 'ದಿ ಲಿಟಲ್ ಮರ್ಮೇಡ್'ನಲ್ಲಿ ಶೇ. 68 ಭಾಗ ಗಂಡು ಪಾತ್ರಗಳದ್ದು, 1992ರ 'ಅಲಾದ್ದೀನ್'ನಲ್ಲಿ ಶೇ. 90. ಸಾಹಸಿ, ಹಟಮಾರಿ ನಾಯಕಿ ಎಂದು ನಾವು ಮೆಚ್ಚಿಕೊಂಡ ಕಾಲದಲ್ಲೇ ಅವಳ ಸುತ್ತ ಬೇರೆ ಹೆಂಗಸರು ಬಹುಮಟ್ಟಿಗೆ ಕಾಣೆಯಾಗಿದ್ದರು. ಗೆಳೆಯ ಏಡಿ, ಅಪ್ಪ, ಭೂತ, ಗಿಳಿ, ಎಲ್ಲರೂ ಗಂಡಸರೇ! ಈ ಕೊರತೆ ತುಟಿಯ ಬಣ್ಣಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು.

ಪರದೆಯ ಹೊರಗೆ ನಡೆಯುವುದು ಇದಕ್ಕಿಂತ ದೊಡ್ಡದು. ಬೇರೆ ಬೇರೆ ಕಾಲದ, ಬೇರೆ ಬೇರೆ ಕಥೆಗಳ ಈ ರಾಜಕುಮಾರಿಯರು ಒಂದೇ ಬ್ರ್ಯಾಂಡಿನ ಗುಂಪಾಗಿ ಸಾಲಾಗಿ ನಿಂತದ್ದು 2000ದ ಸುಮಾರಿಗೆ, ಆಟಿಕೆ, ಉಡುಪುಗಳಂಥ ಸರಕು ಮಾರುವುದಕ್ಕಾಗಿ. ಡಿಸ್ನಿಯ ಅಧಿಕಾರಿ ಆ್ಯಂಡಿ ಮೂನಿ ಮಂಜುಗಡ್ಡೆಯ ಮೇಲೆ ಜಾರುತ್ತ ಆಡಿತೋರಿಸುವ ಒಂದು ಐಸ್ ಷೋಗೆ ಹೋದಾಗ, ಮನೆಯಲ್ಲೇ ಹೊಲಿದ ರಾಜಕುಮಾರಿ ಉಡುಪು ತೊಟ್ಟು ಸಾಲಿನಲ್ಲಿ ನಿಂತಿದ್ದ ಹುಡುಗಿಯರನ್ನು ಕಂಡು ಈ ಉಪಾಯ ಹೊಳೆಯಿತಂತೆ. ಸಿನಿಮಾದಲ್ಲಿ ಹುಡುಗಿ ಏನಾದರೂ ಮಾಡುತ್ತಾಳೆ, ಸರಕಿನ ಮೇಲೆ ಬರೀ ನಿಂತಿರುತ್ತಾಳೆ. 2012ರ 'ಬ್ರೇವ್' ಚಿತ್ರದ ಮೆರಿಡಾಳನ್ನೇ ನೋಡಿ. ಕೆದರಿದ ಕೂದಲು, ಕೈಯಲ್ಲಿ ಬಿಲ್ಲು. ಮರುವರ್ಷ ಅವಳನ್ನು ಆ ಗುಂಪಿಗೆ ಸೇರಿಸುವಾಗ ಸೊಂಟ ಸಣ್ಣದಾಯಿತು, ಉಡುಪು ಮಿನುಗಿತು, ಬಿಲ್ಲು ಮಾಯವಾಯಿತು. ಆ ಪಾತ್ರವನ್ನು ಸೃಷ್ಟಿಸಿದ ಬ್ರೆಂಡಾ ಚಾಪ್‌ಮನ್ ಅವರೇ ಬಹಿರಂಗವಾಗಿ ಸಿಟ್ಟಾದರು; ವಿರೋಧದ ಮನವಿಗೆ ಎರಡು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಹಾಗಾಗಿ ಕಡಿಮೆ ಮಾಡುವುದಿದ್ದರೆ ಮೊದಲು ಸರಕನ್ನು ಕಡಿಮೆ ಮಾಡಿ.

ಜೊತೆಗೆ ಕುಳಿತು ನೋಡಿ, ಮಗುವಿನೊಡನೆ ಚರ್ಚಿಸಿ ಎಂದು ನಿಮಗೆ ಎಲ್ಲರೂ ಹೇಳಿರುತ್ತಾರೆ. ಅದರಲ್ಲೂ ಒಂದು ತೊಡಕಿದೆ. ಸಂಶೋಧಕಿ ಸಾರಾ ಕೊಯ್ನ್ ಮತ್ತು ಸಂಗಡಿಗರು 198 ಪುಟ್ಟ ಮಕ್ಕಳನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಾಜಕುಮಾರಿ ಚಿತ್ರ ಮತ್ತು ಆಟಿಕೆಗಳಲ್ಲಿ ಹೆಚ್ಚು ಮುಳುಗಿದವರು ಒಂದು ವರ್ಷದ ನಂತರ 'ಹುಡುಗಿಯರ ಆಟ' ಎನಿಸಿಕೊಂಡವುಗಳತ್ತ ಇನ್ನಷ್ಟು ವಾಲಿದ್ದರು. ತಂದೆತಾಯಿ ಕುಳಿತು ಮಾತನಾಡುತ್ತಿದ್ದ ಮನೆಗಳಲ್ಲಿ ಈ ನಂಟು ತಗ್ಗಿರಲಿಲ್ಲ, ಇನ್ನೂ ಗಟ್ಟಿಯಾಗಿತ್ತು. ನನಗೆ ಇದು ಅಚ್ಚರಿಯಲ್ಲ. ಆ ಫ್ರಾಕ್ ತೊಟ್ಟ ಮಗು ಬಾಗಿಲಲ್ಲಿ ಕಾಣಿಸಿಕೊಂಡರೆ ಆಯಾಯಿಂದ ಹಿಡಿದು ಕರೆತಂದ ಅಜ್ಜನವರೆಗೆ ಎಲ್ಲರೂ 'ಅಬ್ಬಾ, ಎಷ್ಟು ಚೆಂದ!' ಎನ್ನುತ್ತಾರೆ. ಅದೇ ಮಗು ಮರದ ತುಂಡುಗಳಿಂದ ಬೀಳದ ಸೇತುವೆ ಕಟ್ಟಿದ ದಿನ ಯಾರೂ ಬಗ್ಗಿ ನೋಡುವುದಿಲ್ಲ. ಮಾತನಾಡುವುದಾದರೆ ಸಿನಿಮಾದ ರಾಜಕುಮಾರಿ ಹೇಗೆ ಕಾಣುತ್ತಾಳೆ ಎಂಬುದನ್ನು ಬಿಟ್ಟು, ಏನು ಮಾಡಿದಳು, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿ.

ಫ್ರಾಕಿನ ಅಂಚನ್ನು ಮೊಣಕಾಲಿನವರೆಗೆ ಮಡಚಿ ಹೊಲಿಸಿ, ಒಳಗೆ ಚಡ್ಡಿ ಹಾಕಿ ಕಳುಹಿಸಿ. ರಾಜಕುಮಾರಿಯರು ಓಡುವುದಿಲ್ಲ ಎಂಬ ಸಿದ್ಧಾಂತದ ಹಿಂದೆ ಎಷ್ಟೋ ಸಲ ಕಾಲಿಗೆ ತೊಡರುವ ಬಟ್ಟೆಯಷ್ಟೇ ಇರುತ್ತದೆ. ಹೊಲಿಸಿದ ಮೇಲೂ ಓಡದಿದ್ದರೆ, ಅಥವಾ 'ನಾನು ದಪ್ಪ', 'ನಾನು ಕಪ್ಪು' ಎಂದು ಕನ್ನಡಿಯ ಮುಂದೆ ಗೊಣಗಿದರೆ, ಆಗ ಚಿಂತೆ ಮಾಡಿ. ಆದರೆ ಕಾರಣವನ್ನು ಟಿವಿಯಲ್ಲಷ್ಟೇ ಹುಡುಕಬೇಡಿ. ಮೂರರಿಂದ ಆರು ವರ್ಷದ 121 ಹುಡುಗಿಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಚಿತ್ರಗಳ ತುಣುಕು ನೋಡಿದ್ದರಿಂದ ಮಕ್ಕಳಿಗೆ ತಮ್ಮ ಮೈಬಗ್ಗೆ ಅತೃಪ್ತಿ ಹೆಚ್ಚಲಿಲ್ಲ, ಆದರೆ ದಪ್ಪಗಾಗುವ ಭಯ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಆಗಲೇ ಇತ್ತು. ಮನೆಯ ದೊಡ್ಡವರು ತಮ್ಮ ಹೊಟ್ಟೆ, ತೂಕ, ಬಣ್ಣದ ಬಗ್ಗೆ ಆಡಿಕೊಳ್ಳುವುದೂ ಮಗುವಿನ ಕಿವಿಗೆ ಬೀಳುತ್ತಲೇ ಇರುತ್ತದೆ.

ಮನೆಯಲ್ಲಿ ಗಂಡುಮಗುವಿದ್ದರೆ ಅವನನ್ನೂ ಪಕ್ಕದಲ್ಲಿ ಕೂರಿಸಿ. ಕೊಯ್ನ್ ತಂಡ 2021ರಲ್ಲಿ ಪ್ರಕಟಿಸಿದ ಮುಂದುವರಿದ ಅಧ್ಯಯನದಲ್ಲಿ, ಚಿಕ್ಕಂದಿನಲ್ಲಿ ಈ ಕಥೆಗಳಲ್ಲಿ ಮುಳುಗಿದ್ದ ಮಕ್ಕಳು ಹತ್ತು ಹನ್ನೊಂದರ ವಯಸ್ಸಿಗೆ, ಗಂಡಸು ಎಂದರೆ ಹೀಗೇ ಇರಬೇಕು ಎಂಬ ಬಿಗಿ ಕಲ್ಪನೆಗಳನ್ನು ಕಡಿಮೆ ಒಪ್ಪುತ್ತಿದ್ದರು. ಹುಡುಗಿಯರಷ್ಟೇ ಅಲ್ಲ, ಹುಡುಗರೂ.