ಕಲಬುರಗಿಯಲ್ಲಿ ಒಳ್ಳೆಯ ಲೇಸರ್ ಇಲ್ಲ. ಬೆಳಕು ಮತ್ತು ನ್ಯಾನೊಕಣಗಳಿಂದ ಕ್ಯಾನ್ಸರ್ ಚಿಕಿತ್ಸೆ ಕುರಿತು ಸಂಶೋಧನೆ ಮಾಡಲು ಬೆಂಗಳೂರಿಗೆ ಹೋಗಲೇಬೇಕೇ?

ಎಂ.ಎಸ್ಸಿ. ಮುಗಿಸಿದ ವರ್ಷ ನಾನೂ ಇದೇ ಊರಿನಲ್ಲಿ ಕುಳಿತು ಇದೇ ಪ್ರಶ್ನೆಯನ್ನು ಕಂಡಕಂಡವರಿಗೆಲ್ಲ ಕೇಳಿದ್ದೆ. ಲೇಸರ್ ಇಲ್ಲದ್ದರಿಂದ ನನಗೆ ಯಾವ ನಷ್ಟವೂ ಆಗಲಿಲ್ಲ. ನನ್ನ ಹದಿನಾಲ್ಕು ತಿಂಗಳು ಹಾಳಾದದ್ದು ಉಪ್ಪಿನಿಂದ.

ಸಕ್ಕರೆ ಕಾಯಿಲೆ ಇರುವವರ ಮೂತ್ರಪಿಂಡ ಕೆಡಲು ಶುರುವಾದಾಗ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತದೆ. ನಮ್ಮ ಅಪ್ಪನಿಗೆ ಅದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಬಣ್ಣ ನೋಡಿಯೇ ಅದನ್ನು ಹಿಡಿಯುವ ವಿಧಾನ ರೂಪಿಸಬೇಕೆಂದು ಚಿನ್ನದ ನ್ಯಾನೊಕಣಗಳನ್ನು ಹಿಡಿದು ಕುಳಿತೆ. ತಯಾರಿಸುವುದು ಕಷ್ಟವಲ್ಲ, 1951ರಲ್ಲಿ ರಸಾಯನ ವಿಜ್ಞಾನಿ ಟರ್ಕೆವಿಚ್ ವಿವರಿಸಿದ ವಿಧಾನವೇ ಸಾಕು. ಕುದಿಯುತ್ತಿರುವ ಚಿನ್ನದ ಲವಣದ ದ್ರಾವಣಕ್ಕೆ ಸಿಟ್ರೇಟ್ ಸುರಿದರೆ ತೆಳು ಹಳದಿ ಮಾಯವಾಗಿ, ಮಸಿ ಕದಡಿದಂತೆ ಕಪ್ಪಾಗಿ, ಕೆಲವು ನಿಮಿಷಗಳಲ್ಲಿ ದಾಳಿಂಬೆ ರಸದ ಕೆಂಪಿಗೆ ಬಂದು ನಿಲ್ಲುತ್ತದೆ. ಅದನ್ನು ಮೊದಲ ಸಲ ನೋಡಿದ ದಿನ ನಾನು ಊಟಕ್ಕೂ ಹೋಗಲಿಲ್ಲ. (ಗಾಜಿನ ಪಾತ್ರೆಯನ್ನು ಬೋರ್‌ವೆಲ್ ನೀರಿನಲ್ಲಿ ತೊಳೆದು ಹಾಗೆಯೇ ಬಳಸಬೇಡಿ. ನಮ್ಮ ಗಡಸು ನೀರಿನ ಸುಣ್ಣವೇ ಕಣಗಳನ್ನು ಕೆಡಿಸುತ್ತದೆ.)

ಸುಮಾರು 20 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು) ಗಾತ್ರದ ಚಿನ್ನದ ಕಣ 520 ನ್ಯಾನೊಮೀಟರ್ ಆಸುಪಾಸಿನ ಹಸಿರು ಬೆಳಕನ್ನು ಹೀರುತ್ತದೆ, ಆದ್ದರಿಂದ ಕೆಂಪಗೆ ಕಾಣುತ್ತದೆ. ಗರ್ಭ ಪರೀಕ್ಷೆಯ ಪಟ್ಟಿಯ ಮೇಲೆ ಮೂಡುವ ಕೆಂಪು ಗೆರೆ ಸಾಮಾನ್ಯವಾಗಿ ಇಂಥ ಚಿನ್ನವೇ. ಕಣಗಳು ಗುಂಪುಗೂಡಿದರೆ ದ್ರಾವಣ ನೀಲಿಯಾಗುತ್ತದೆ. ಕಣದ ಮೇಲೆ ಅಲ್ಬುಮಿನ್ ಅನ್ನು ಗುರುತಿಸಿ ಹಿಡಿಯುವ ಪ್ರೋಟೀನ್‌ಗಳಾದ ಪ್ರತಿಕಾಯಗಳನ್ನು ಕೂರಿಸಿದರೆ ಅಲ್ಬುಮಿನ್ ಬಂದು ಕಣಗಳನ್ನು ಒಂದಕ್ಕೊಂದು ಬೆಸೆಯುತ್ತದೆ, ಆಗ ಕೆಂಪು ನೀಲಿಯಾಗಬೇಕು ಎಂಬುದು ನನ್ನ ಲೆಕ್ಕ.

ನೀಲಿಯಾಯಿತು. ಅಲ್ಬುಮಿನ್ ದ್ರಾವಣ ಹೆಚ್ಚು ಹಾಕಿದಷ್ಟೂ ಹೆಚ್ಚು ನೀಲಿ. ಗ್ರಾಫ್ ಗೆರೆ ಎಳೆದಷ್ಟು ನೇರವಾಗಿ ಬಂತು.

ನನ್ನ ತಪ್ಪು ಎಲ್ಲಿತ್ತೆಂದು ಬಿಡಿಸಿ ಹೇಳುತ್ತೇನೆ, ದಯವಿಟ್ಟು ನಿಧಾನವಾಗಿ ಓದಿ. ಅಲ್ಬುಮಿನ್ ಅನ್ನು ನಾನು ಉಪ್ಪು ಬೆರೆತ ಫಾಸ್ಫೇಟ್ ಬಫರ್‌ನಲ್ಲಿ (ಪಿಬಿಎಸ್, ಆಮ್ಲೀಯತೆ ಏರುಪೇರಾಗದಂತೆ ಕಾಯುವ ದ್ರಾವಣ) ಕರಗಿಸಿ ಇಟ್ಟಿದ್ದೆ. ಆ ಬಫರ್‌ನ ಪ್ರತಿ ಲೀಟರಿನಲ್ಲಿ 8 ಗ್ರಾಂ ಅಡುಗೆ ಉಪ್ಪು ಇರುತ್ತದೆ. ಚಿನ್ನದ ಕಣಗಳು ಒಂದಕ್ಕೊಂದು ಅಂಟದೆ ಇರುವುದು ಅವುಗಳ ಮೈಮೇಲಿನ ಋಣ ವಿದ್ಯುದಂಶದಿಂದ. ಉಪ್ಪಿನ ಸೋಡಿಯಂ ಅಯಾನುಗಳು ಅದನ್ನು ಮರೆಮಾಡಿದರೆ ಕಣಗಳು ಹತ್ತಿರ ಬಂದು ಅಂಟಿಕೊಳ್ಳುತ್ತವೆ, ಬಣ್ಣ ನೀಲಿಗೆ ತಿರುಗುತ್ತದೆ. ನನ್ನ ಪ್ರತಿಕಾಯದ ಹೊದಿಕೆ ಅರ್ಧಂಬರ್ಧವಾಗಿತ್ತು. ಹೆಚ್ಚು ಅಲ್ಬುಮಿನ್ ಎಂದುಕೊಂಡು ನಾನು ಹಾಕುತ್ತಿದ್ದದ್ದು ಹೆಚ್ಚು ಉಪ್ಪನ್ನು. ಹೋಲಿಕೆಗೆ ಇಟ್ಟ ನಳಿಕೆಗೆ (ಲ್ಯಾಬ್ ಭಾಷೆಯಲ್ಲಿ ಬ್ಲ್ಯಾಂಕ್) ಮಾತ್ರ ಶುದ್ಧ ಬಟ್ಟಿ ನೀರು ಹಾಕುತ್ತಿದ್ದೆ. ಅದು ಪ್ರತಿ ಸಲವೂ ಕೆಂಪಾಗಿಯೇ ಉಳಿಯುತ್ತಿತ್ತು, ನನ್ನ ನಂಬಿಕೆ ಪ್ರತಿ ಸಲವೂ ಗಟ್ಟಿಯಾಗುತ್ತಿತ್ತು.

ಸೂಪರ್ ಮಾರ್ಕೆಟ್ ಬಳಿಯ ಒಂದು ಪರೀಕ್ಷಾ ಲ್ಯಾಬ್‌ನಲ್ಲಿ ಅನುಮತಿ ಪಡೆದು, ಪರೀಕ್ಷೆ ಮುಗಿದು ಉಳಿದ ಮೂತ್ರದ ಹತ್ತು ಮಾದರಿಗಳಿಗೆ ನನ್ನ ದ್ರಾವಣ ಹಾಕಿದೆ. ಹತ್ತೂ ನೀಲಿಯಾದವು. ಮೂತ್ರದಲ್ಲಿಯೂ ಉಪ್ಪಿರುತ್ತದೆ ಎಂಬುದು ನನಗೆ ಆಗಲೂ ಹೊಳೆಯಲಿಲ್ಲ. ಪಕ್ಕದಲ್ಲಿ ನಿಂತಿದ್ದ ಟೆಕ್ನಿಶಿಯನ್ ಅಕ್ಕ ಕೇಳಿದರು: "ತಮ್ಮಾ, ಇದರಲ್ಲಿ ಬ್ಲ್ಯಾಂಕ್ ಯಾವುದು?" ಬಟ್ಟಿ ನೀರಿನ ನಳಿಕೆ ತೋರಿಸಿದೆ. "ಅದು ನೀರು. ಅಲ್ಬುಮಿನ್ ಹಾಕದ ನಿನ್ನ ಬಫರ್ ಎಲ್ಲಿ?" ಅಂದು ಸಂಜೆಯೇ ಬರೀ ಬಫರ್ ಹಾಕಿ ನೋಡಿದೆ. ಎರಡು ನಿಮಿಷದಲ್ಲಿ ನೀಲಿ.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು ಜಾಗದಿಂದ ಶುರುವಾಗಿದೆ ಎಂದು ನೇರವಾಗಿ ಹೇಳುತ್ತೇನೆ. ಚಿನ್ನದ ನ್ಯಾನೊಕಡ್ಡಿಗಳಿಗೆ 800 ನ್ಯಾನೊಮೀಟರ್ ಸುತ್ತಲಿನ ಬೆಳಕು ಕೊಟ್ಟು ಗಡ್ಡೆಯನ್ನು ಕಾಯಿಸುವ ಚಿಕಿತ್ಸೆ ನಿಮ್ಮ ಮನಸ್ಸಿನಲ್ಲಿರಬಹುದು. ಆ ಕಡ್ಡಿಗಳು ರಕ್ತಕ್ಕೆ ಇಳಿದ ಕೂಡಲೇ ಅದೇ ಉಪ್ಪು ಎದುರಾಗುತ್ತದೆ, ಜೊತೆಗೆ ನೂರಾರು ಬಗೆಯ ಪ್ರೋಟೀನ್‌ಗಳು ಮೈಗೆ ಹತ್ತಿಕೊಳ್ಳುತ್ತವೆ. ಕಡ್ಡಿಗಳು ಗುಂಪುಗೂಡಿದರೆ ಅವು ಹೀರುವ ಬೆಳಕಿನ ತರಂಗಾಂತರವೇ ಸರಿದುಹೋಗುತ್ತದೆ. ಬಹುಪಾಲು ಯಕೃತ್ತು ಮತ್ತು ಗುಲ್ಮದಲ್ಲಿ ಸಿಕ್ಕಿಕೊಳ್ಳುತ್ತವೆ. ಎಷ್ಟೇ ದುಬಾರಿ ಲೇಸರ್ ತಂದರೂ ಗಡ್ಡೆಗೆ ತಲುಪದ ಕಣ ಅದನ್ನು ಬಿಸಿ ಮಾಡುವುದಿಲ್ಲ.

ಬೆಳಕಿನ ಚಿಕಿತ್ಸೆಯೇ ಬೇಕೆಂದಿದ್ದರೆ ಬಾಯಿಯ ಕ್ಯಾನ್ಸರ್ ಬಗ್ಗೆ ಯೋಚಿಸಿ. ತಂಬಾಕು, ಗುಟ್ಕಾ ಅಗಿಯುವವರು ನಮ್ಮ ಭಾಗದಲ್ಲಿ ಎಷ್ಟು ಮಂದಿ ಎಂದು ನಾನು ಹೇಳಬೇಕಾಗಿಲ್ಲ. ಬೆಳಕನ್ನು ಸಲೀಸಾಗಿ ತಲುಪಿಸಬಹುದಾದ ಜಾಗ ಬಾಯಿ. ಅಮಿನೋಲೆವುಲಿನಿಕ್ ಆಮ್ಲ ಕೊಟ್ಟರೆ ಕೆಟ್ಟ ಜೀವಕೋಶಗಳಲ್ಲಿ ಪೋರ್ಫಿರಿನ್ ಎಂಬ, ಬೆಳಕು ಹೀರುವ ವಸ್ತು ಹೆಚ್ಚು ಸೇರಿಕೊಳ್ಳುತ್ತದೆ. 635 ನ್ಯಾನೊಮೀಟರ್ ಸುತ್ತಲಿನ ಕೆಂಪು ಬೆಳಕು ಬಿದ್ದಾಗ ಅದು ಆಮ್ಲಜನಕವನ್ನು ಕೆರಳಿಸಿ ಆ ಕೋಶಗಳನ್ನು ಕೊಲ್ಲುತ್ತದೆ. ಇದಕ್ಕೆ ಎಲ್‌ಇಡಿ ಬೆಳಕೂ ಆಗುತ್ತದೆ. ಆದರೆ ರೋಗಿಯ ಮೇಲೆ ಇದನ್ನು ಬಳಸುವುದು ವೈದ್ಯರ ಕೆಲಸ. ನಿಮ್ಮದು ಕೋಶಗಳ ಮಟ್ಟದ ಪ್ರಯೋಗ, ಬೆಳಕಿನ ಪ್ರಮಾಣದ ಅಳತೆ.

ಜೀವಂತ ಪ್ರಾಣಿಗಳ ದೇಹದೊಳಗಿನ ಚಿತ್ರ ತೆಗೆಯುವ ಹಂತಕ್ಕೆ ಬಂದಾಗ ಬೆಂಗಳೂರಿಗೆ ಹೋಗಿ, ನಾನೂ ಹೋದೆ. ಮೊದಲ ವರ್ಷ ಇಲ್ಲಿಯೇ ಇರಿ, ಹದಿನೈದು ದಿನ ಯಾವುದಾದರೂ ರೋಗಪರೀಕ್ಷಾ ಲ್ಯಾಬ್‌ನಲ್ಲಿ ಕುಳಿತು ಅವರು ಬ್ಲ್ಯಾಂಕ್ ಹೇಗೆ ಇಡುತ್ತಾರೆಂದು ನೋಡಿ. ಚಿನ್ನದ ಮೇಲೆ ಹೊದಿಕೆ ಹಾಕಿದ ದಿನವೇ ಒಂದು ನಳಿಕೆಗೆ ಶೇ. 10ರ ಉಪ್ಪು ನೀರು ಹಾಕಿ ಹತ್ತು ನಿಮಿಷ ಕಾಯಿರಿ. ಕೆಂಪಾಗಿಯೇ ಉಳಿದರೆ ಮುಂದಿನ ಕೆಲಸಕ್ಕೆ ಕೈಹಾಕಿ. ನೀಲಿಯಾದರೆ ಪ್ರತಿಕಾಯ ಎಷ್ಟು ಹಾಕಿದಿರಿ, ದ್ರಾವಣದ ಪಿಎಚ್ (ಆಮ್ಲೀಯತೆಯ ಅಳತೆ) ಎಷ್ಟಿತ್ತು ಎಂಬುದನ್ನು ಇಲ್ಲಿಯೇ ಬರೆಯಿರಿ, ಒಟ್ಟಿಗೆ ನೋಡೋಣ.