28ಕ್ಕೆ ಓಟ ನಿಲ್ಲಿಸಿ ಪೂರ್ತಿ ಕೋಚಿಂಗ್‌ಗೆ ಇಳಿಯಬಹುದಾ?

ನಿಮಗೆ 28 ವರ್ಷ, 100 ಮೀಟರ್‌ನಲ್ಲಿ ಬೆಸ್ಟ್ 10.84, ಎರಡು ಸೀಸನ್‌ನಿಂದ 11 ಸೆಕೆಂಡಿನ ಒಳಗೆ ಬಂದಿಲ್ಲ. ಸಂಜೆ ತಾಲೂಕು ಮೈದಾನದಲ್ಲಿ ಹತ್ತು ಹನ್ನೆರಡು ಮಕ್ಕಳಿಗೆ ಹೇಳಿಕೊಡ್ತಿದ್ದೀರಿ. ಓಟ ಬಿಡಲಾ, ಇನ್ನೊಂದು ವರ್ಷ ನೋಡಲಾ ಅಂತ ಕೇಳಿದ್ದೀರಿ. ನಾನು 30ಕ್ಕೆ ಬಿಟ್ಟವನು. ಆರು ವರ್ಷದಿಂದ ಮೈಸೂರಿನಲ್ಲಿ ಮಕ್ಕಳನ್ನ ಓಡಿಸ್ತಿದ್ದೀನಿ. ನನಗೆ ಗೊತ್ತಿರೋದನ್ನ ಹೇಳ್ತೀನಿ.

ಮೊದಲು ಆ 10.84 ಹೇಗೆ ಬಂತು ಅನ್ನೋದು ಗೊತ್ತಾಗಬೇಕು. ಎಲೆಕ್ಟ್ರಾನಿಕ್ ಟೈಮಿಂಗಾ, ಸ್ಟಾಪ್‌ವಾಚಾ? ಸ್ಟಾಪ್‌ವಾಚ್ ಆಗಿದ್ರೆ ಅದನ್ನ ಮೇಲಿನ ಹತ್ತನೇ ಭಾಗಕ್ಕೆ ಏರಿಸಿ 10.9 ಅಂತ ಬರ್ಕೋಬೇಕು. ಎಲೆಕ್ಟ್ರಾನಿಕ್ ಜೊತೆ ಹೋಲಿಸೋವಾಗ ಅದಕ್ಕೆ 0.24 ಸೇರಿಸ್ತಾರೆ, ಕೈ ಗುಂಡಿ ಒತ್ತೋದು ಗನ್‌ಗಿಂತ ತಡವಾಗುತ್ತಲ್ಲ. ಅಲ್ಲಿಗೆ 11.14 ಆಯ್ತು. ಈಗಿನ ಟೈಮಿಂಗ್ ಎಲೆಕ್ಟ್ರಾನಿಕ್‌ನಲ್ಲಿ 11.10 ಬರ್ತಿದ್ರೆ ನೀವು ಇಳಿದೇ ಇಲ್ಲ, ನಿಂತಲ್ಲೇ ಇದ್ದೀರಿ. ಗಾಳಿಯನ್ನೂ ನೋಡಿ: ಹಿಂದಿನಿಂದ ಸೆಕೆಂಡಿಗೆ 2 ಮೀಟರ್‌ಗಿಂತ ಜೋರಾಗಿ ಬೀಸ್ತಿದ್ದ ದಿನದ ಟೈಮಿಂಗನ್ನ ಬೆಸ್ಟ್ ಅಂತ ಲೆಕ್ಕಕ್ಕೆ ಇಟ್ಕೋಬೇಡಿ. ಇಲ್ಲದ ಇಳಿಕೆಗೆ ಹೆದರಿ ಓಟ ಬಿಟ್ಟ ಹುಡುಗರನ್ನ ನೋಡಿದ್ದೀನಿ. ಅದಕ್ಕೇ ಇದನ್ನ ಮೊದಲು ಕೇಳ್ತಿದ್ದೀನಿ.

ವಯಸ್ಸನ್ನ ಕಾರಣ ಮಾಡ್ಕೋಬೇಡಿ. ಸೇಂಟ್ ಕಿಟ್ಸ್‌ನ ಓಟಗಾರ ಕಿಮ್ ಕಾಲಿನ್ಸ್ 2016ರಲ್ಲಿ 100 ಮೀಟರನ್ನ 9.93ಕ್ಕೆ ಓಡಿದಾಗ ಅವರಿಗೆ 40 ವರ್ಷ. ವಯಸ್ಸಿನ ಜೊತೆ ನನಗೆ ಬದಲಾಗಿದ್ದು ಸುಧಾರಿಸ್ಕೊಳ್ಳೋ ಸಮಯ. 22ರಲ್ಲಿ ಮಂಗಳವಾರ ಪೂರ್ತಿ ವೇಗದಲ್ಲಿ ಓಡಿದ್ರೆ ಗುರುವಾರಕ್ಕೆ ಕಾಲು ಸಿದ್ಧ ಇರ್ತಿತ್ತು. 29ರಲ್ಲಿ ಶುಕ್ರವಾರ ಬೆಳಗ್ಗೆಯೂ ತೊಡೆಯ ಹಿಂಭಾಗ ಬಿಗಿ. ಅದರ ಮೇಲೆ ದಿನಾ ಸಂಜೆ ಮಕ್ಕಳ ಜೊತೆ ಎರಡು ಗಂಟೆ ನಿಂತೇ ಇರಬೇಕು, ಒಂದೊಂದು ಡ್ರಿಲ್ಲನ್ನೂ ಮಾಡಿ ತೋರಿಸಬೇಕು. ಅದೂ ದಣಿವೇ. ನಿಮ್ಮ ಎರಡು ಸೀಸನ್ ಹೀಗಾಗಿರೋದರಲ್ಲಿ ಈ ನಿಲ್ಲೋ ಕೆಲಸದ ಪಾಲೆಷ್ಟು ಅಂತ ನಿಜವಾಗಿ ಲೆಕ್ಕ ಹಾಕಿ.

ಇನ್ನು ನನ್ನದು. ಒಂದು ಓಪನ್ ಮೀಟ್‌ನಲ್ಲಿ ನಾನೂ ಓಡ್ತಿದ್ದೆ, ನನ್ನ ಹತ್ರ ಕಲೀತಿದ್ದ 16ರ ಹುಡುಗಿಯೂ ಓಡ್ತಿದ್ದಳು. ಅವಳ ಹೀಟ್ಸ್ (ಮೊದಲ ಸುತ್ತು) ಮುಗಿದ ಹತ್ತು ನಿಮಿಷಕ್ಕೆ ನನ್ನದು. ಹಾಗಾಗಿ ಅವಳು ಬ್ಲಾಕ್ (ಓಟ ಶುರು ಮಾಡುವಾಗ ಪಾದ ಒತ್ತಿ ಚಿಮ್ಮೋ ಆಸರೆ) ಹೊಂದಿಸ್ಕೊಳ್ಳೋ ಹೊತ್ತಿಗೆ ನಾನು ಕಾಲ್ ರೂಮಿನಲ್ಲಿದ್ದೆ, ಅಂದ್ರೆ ಓಟಕ್ಕೆ ಮುಂಚೆ ಓಟಗಾರರನ್ನ ಕೂರಿಸೋ ಶಾಮಿಯಾನದಲ್ಲಿ. ಒಳಗೆ ಹೋದ ಮೇಲೆ ಹೊರಗೆ ಬರೋ ಹಾಗಿಲ್ಲ, ಕೈಯಲ್ಲಿ ಫೋನೂ ಇಲ್ಲ. ಗನ್ ಸದ್ದು ಕೇಳಿಸ್ತು, ಅದರ ಬೆನ್ನಿಗೇ ಇನ್ನೊಂದು. ಎರಡನೇ ಗನ್ ಅಂದ್ರೆ ಫಾಲ್ಸ್ ಸ್ಟಾರ್ಟ್, ಯಾರೋ ಗನ್‌ಗೆ ಮೊದಲೇ ಹೊರಟಿದ್ದಾರೆ. ಶಾಮಿಯಾನದ ಸಂದಿಯಿಂದ ಇಣುಕಿದೆ. ಅವಳ ಮುಂದೆ ಅರ್ಧ ಕೆಂಪು ಅರ್ಧ ಕಪ್ಪು ಕಾರ್ಡ್ ಹಿಡಿದು ಒಬ್ಬರು ನಿಂತಿದ್ದರು, ಅಂದ್ರೆ ಅವಳು ಓಟದಿಂದ ಹೊರಗೆ. ಅವಳು ಪೆವಿಲಿಯನ್ ಕಡೆ ಮುಖ ತಿರುಗಿಸಿ, ನಾನೆಲ್ಲಿದ್ದೀನಿ ಅಂತ ಹುಡುಕ್ತಿದ್ದಳು.

ತಪ್ಪು ನನ್ನದೇ. ಬ್ಲಾಕನ್ನ ಗೆರೆಗೆ ಹತ್ತಿರ ಇಟ್ಟು ಓಡೋದು ನನ್ನ ಅಭ್ಯಾಸ. ಹಾಗೆ ಇಟ್ರೆ, ಗನ್‌ಗೆ ಮುಂಚೆ ‘ಸೆಟ್’ ಅಂದಾಗ ಮೈಭಾರವೆಲ್ಲ ಕೈ ಮೇಲೆ ಬೀಳುತ್ತೆ. ನನ್ನ ಭುಜ ಅದನ್ನ ತಡೀತಿತ್ತು. ಅವಳಿಗೂ ಅದೇ ಅಳತೆ ಕೊಟ್ಟಿದ್ದೆ. ಅವಳ ಬೆರಳು ಆ ಭಾರಕ್ಕೆ ನಡುಗಿ ದೇಹ ಮುಂದಕ್ಕೆ ವಾಲಿತ್ತು. ಅಭ್ಯಾಸದಲ್ಲೇ ಅದು ಕಾಣಬೇಕಿತ್ತು. ಆದರೆ ಸ್ಟಾರ್ಟ್ ಅಭ್ಯಾಸದ ದಿನ ನಾನು ಪಕ್ಕದ ಲೇನ್‌ನಲ್ಲಿ ನನ್ನ ಸ್ಟಾರ್ಟ್ ತೆಗೀತಿದ್ದೆ.

ಹತ್ತು ನಿಮಿಷಕ್ಕೆ ನಾನು ಬ್ಲಾಕ್‌ನಲ್ಲಿದ್ದೆ. ‘ಸೆಟ್’ ಅಂದಾಗ ತಲೆಯಲ್ಲಿ ಗನ್ ಬಿಟ್ಟು ಬೇರೇನೂ ಇರಬಾರದು. ನನ್ನ ತಲೆಯಲ್ಲಿ ಅವಳಿದ್ದಳು. 11.31 ಬಂತು, ಹೀಟ್ಸ್‌ನಲ್ಲೇ ಹೊರಗೆ. ಆ ಟೈಮಿಂಗ್ ನೋಡಿ ನನಗೆ ಬೇಜಾರೇ ಆಗಲಿಲ್ಲ, ಅವಳ ಬ್ಲಾಕ್ ಅಳತೆ ಸರಿ ಮಾಡೋಕೆ ಓಡಿದೆ. ಬಿಡೋ ತೀರ್ಮಾನಕ್ಕೆ ಇನ್ನೂ ಎರಡು ತಿಂಗಳು ಹಿಡೀತು. ನಿಜಕ್ಕೂ ಅದು ಆ ದಿನವೇ ಆಗಿಹೋಗಿತ್ತು.

ಆದ್ದರಿಂದ ಟೈಮಿಂಗ್ ಜೊತೆ ಇದನ್ನೂ ಗಮನಿಸಿ: ಮೀಟ್ ಮುಗಿದ ಮೇಲೆ ರಿಸಲ್ಟ್ ಶೀಟ್‌ನಲ್ಲಿ ನೀವು ಮೊದಲು ಯಾರ ಹೆಸರು ಹುಡುಕ್ತೀರಿ? ಇನ್ನೂ ನಿಮ್ಮ ಹೆಸರೇ ಆಗಿದ್ರೆ ದಯವಿಟ್ಟು ಬಿಡಬೇಡಿ. ಒಂದು ಸೀಸನ್ ಪೂರ್ತಿ ನಿಮಗಾಗಿ ಕೊಡಿ, ಮಕ್ಕಳನ್ನ ಗೆಳೆಯರೊಬ್ಬರಿಗೆ ಒಪ್ಪಿಸಿ. ಆಸೆ ತೀರದೆ ಕೋಚ್ ಆದವರು ತಮ್ಮ ಉಳಿದ ಓಟವನ್ನ ಮಕ್ಕಳ ಕಾಲಿಂದ ಓಡಿಸೋಕೆ ಹೋಗ್ತಾರೆ. ಮಕ್ಕಳಿಗೆ ಗಾಯ ಆಗೋದು ಅಲ್ಲೇ. ಪಿ.ಟಿ. ಉಷಾ 1984ರ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳ್ಕೊಂಡರು. ಆಮೇಲೂ ವರ್ಷಗಟ್ಟಲೆ ಓಡಿ, 2000ದಲ್ಲಿ ನಿಲ್ಲಿಸಿ, 2002ರಲ್ಲಿ ಓಟ ಕಲಿಸೋ ಶಾಲೆ ಶುರು ಮಾಡಿದರು. ಅಲ್ಲಿ ಪಳಗಿದ ಟಿಂಟು ಲೂಕಾ 2010ರಲ್ಲಿ 800 ಮೀಟರನ್ನ 1:59.17ಕ್ಕೆ ಓಡಿ ರಾಷ್ಟ್ರೀಯ ದಾಖಲೆ ಮಾಡಿದರು. ಒಂದನ್ನ ಮನಸಾರೆ ಮುಗಿಸಿಯೇ ಇನ್ನೊಂದಕ್ಕೆ ಬಂದವರು ಉಷಾ.

ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಪ್ರಯತ್ನಿಸ್ತಿದ್ರೆ ಅದು ಬೇರೆ ಲೆಕ್ಕ. ಅರ್ಜಿಗೆ ಬೇಕಾದ ಸರ್ಟಿಫಿಕೇಟ್ ಕೈಗೆ ಬರೋ ತನಕ ಓಡಿ, ಮನೆ ನಡೀಬೇಕಲ್ಲ. ಕೋಚಿಂಗ್‌ನಲ್ಲಿ ಮೊದಲ ವರ್ಷಗಳಲ್ಲಿ ಕೈಗೆ ಸಿಗೋದು ಕಡಿಮೆ.

ಬಿಡೋದೇ ಆದ್ರೆ ಕಲಿಯೋಕೆ ಹೋಗಿ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನಲ್ಲಿ ಡಿಪ್ಲೊಮಾ ಇದೆ, ಅಷ್ಟು ಸಮಯ ಆಗಲ್ಲ ಅನ್ನೋರಿಗೆ ಆರು ವಾರದ ಕೋರ್ಸೂ ಇದೆ. ಓಟಗಾರನಾಗಿ ನನಗೆ ಗೊತ್ತಿದ್ದದ್ದು ನನ್ನೊಬ್ಬನ ಮೈ ಮಾತ್ರ. ಹನ್ನೆರಡು ಮಕ್ಕಳ ಹನ್ನೆರಡು ಥರದ ಮೈ ಓದೋದನ್ನ ಮೊದಲಿಂದ ಕಲೀಬೇಕಾಯ್ತು. 35 ದಾಟಿದ ಮೇಲೆ ಮಾಸ್ಟರ್ಸ್ ಮೀಟ್‌ಗಳಿವೆ. ನಾನು ಹೋದ ವರ್ಷ ಮತ್ತೆ ಸ್ಪೈಕ್ಸ್ ಹಾಕ್ಕೊಂಡೆ. ಬ್ಲಾಕ್ ಹಿಂದೆ ನಿಂತು ಅಳತೆ ನೋಡಿದವಳು ಅದೇ ಹುಡುಗಿ.

ಆ 10.84 ಯಾವುದರಲ್ಲಿ ಹಿಡಿದದ್ದು ಅಂತ ಬರೀರಿ, ಮುಂದಿನದು ಮಾತಾಡೋಣ.