ನೋಟ್‌ಬುಕ್ಕಿನಲ್ಲಿ ಒಂದೇ ಸಾಲು

ನನ್ನ ಬಳಿ ಆಪ್ತಸಲಹೆಗೆ ಬಂದಿದ್ದ ಮಹಿಳೆಯೊಬ್ಬರ ಕಥೆ ಇದು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಹೆಸರೂ ಬೇಡ, ‘ಅವರು’ ಅಂತಲೇ ಇರಲಿ.

ಅವರಿಗೆ 44 ವರ್ಷ. ಮನೆಯಲ್ಲಿ ಗಂಡ, 17ರ ಮಗಳು, 10ರ ಮಗ. ದಿನಕ್ಕೆ ಅರ್ಧ ಹೊತ್ತು ಹೊರಗೆ ಕೆಲಸ. ಮೊದಲ ದಿನ ಬಂದು ಕೂತವರೇ ಹೇಳಿದರು: “ಮೇಡಂ, ನಮ್ಮನೇಲಿ ಯಾರೂ ಕೆಟ್ಟವರಲ್ಲ. ಜಗಳ ಇಲ್ಲ, ಸಾಲ ಇಲ್ಲ. ಆದ್ರೆ ಸಂಜೆ ಅಡುಗೆಮನೆ ಲೈಟ್ ಹಾಕೋ ಹೊತ್ತಿಗೆ ಅಳು ಬರುತ್ತೆ.”

ಅಡುಗೆ ಬಾರದವರಲ್ಲ, ಬೇಸರ ಇದ್ದವರೂ ಅಲ್ಲ. “ಮೊದಲೆಲ್ಲ ಹೊಸದೇನಾದ್ರೂ ಮಾಡಿ, ಇವರು ಮೊದಲ ತುತ್ತು ತಿನ್ನೋವಾಗ ಮುಖ ನೋಡ್ತಾ ನಿಲ್ತಿದ್ದೆ. ಈಗ ತಟ್ಟೆ ಇಟ್ಟು ಹೋಗ್ಬಿಡ್ತೀನಿ” ಎಂದರು. ಸುಮಾರು ಎಂಟು ತಿಂಗಳಿಂದ ಹೀಗಂತೆ.

ಇಷ್ಟದ ಕೆಲಸದಲ್ಲಿ ಖುಷಿಯೇ ಸಿಗುತ್ತಿಲ್ಲ ಎಂದು ಯಾರಾದರೂ ಹೇಳಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಖಿನ್ನತೆಯ ಮುಖ್ಯ ಲಕ್ಷಣಗಳಲ್ಲಿ ಇದೂ ಒಂದು. 2001ರಿಂದ ಬಳಕೆಯಲ್ಲಿರುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಮೊದಲ ಪ್ರಶ್ನೆಯೇ ಇದು. ಒಟ್ಟು 27ರಲ್ಲಿ ಇವರಿಗೆ 8 ಬಂತು. ಅಂದರೆ ಸೌಮ್ಯ ಮಟ್ಟ. ಸಾಯುವ ಯೋಚನೆಯ ಬಗ್ಗೆ ಕೇಳುವ ಕೊನೆಯ ಪ್ರಶ್ನೆಗೆ ಸೊನ್ನೆ. ಜೊತೆಗೆ ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಲು ವೈದ್ಯರ ಬಳಿ ಕಳಿಸಿದೆ. ರಕ್ತ ಕಡಿಮೆಯಾಗಿ ಸುಸ್ತಾದವರಿಗೆ ‘ಮನಸ್ಸು ಗಟ್ಟಿ ಮಾಡ್ಕೊಳ್ಳಿ’ ಎಂದು ಬುದ್ಧಿ ಹೇಳುವುದು ಅನ್ಯಾಯ ಅಲ್ವಾ? ವರದಿಯಲ್ಲಿ ಎಲ್ಲ ಸರಿಯಿತ್ತು.

ನಂತರ ನಾನು ಕೊಟ್ಟ ಮೊದಲ ಸಲಹೆ ಇವರಿಗೆ ಒಗ್ಗಲಿಲ್ಲ. ಅದನ್ನೂ ಹೇಳಲೇಬೇಕು. ದಿನಾ ರಾತ್ರಿ ಆ ದಿನದ ಮೂರು ಒಳ್ಳೆಯ ಸಂಗತಿ ಬರೆದು, ಅವು ಯಾಕೆ ಆದವು ಎಂದೂ ಬರೆಯಿರಿ ಎಂದಿದ್ದೆ. ಮಾರ್ಟಿನ್ ಸೆಲಿಗ್ಮನ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಅಭ್ಯಾಸವೂ ಇತ್ತು. ಒಂದು ವಾರ ಮಾಡಿದ ಎಷ್ಟೋ ಜನರಿಗೆ ಅದು ತಿಂಗಳುಗಟ್ಟಲೆ ನೆರವಾಗಿತ್ತು. ಇವರು ಮುಂದಿನ ವಾರ ನೋಟ್‌ಬುಕ್ ತಂದರು. ಏಳು ದಿನದ ಹಾಳೆಗಳೂ ಖಾಲಿ. ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿದ್ದರು. “ಬರೆಯೋಕೆ ಕೂತ್ರೆ, ನಾಳೆ ಏನು ಅಡುಗೆ ಮಾಡೋದು ಅನ್ನೋದೇ ತಲೇಲಿ ಬರುತ್ತೆ” ಎಂದರು. ಈಗಾಗಲೇ ಹೊರೆ ಹೊತ್ತವರ ತಲೆಯ ಮೇಲೆ ನಾನು ಇನ್ನೊಂದು ಕೆಲಸ ಇಟ್ಟಿದ್ದೆ.

ಪುಟ ತಿರುವುವಾಗ ಮಂಗಳವಾರದ ಹಾಳೆಯ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣಗೆ ಏನೋ ಕಂಡಿತು. ‘ಈರುಳ್ಳಿ ಸಿಹಿಯಾಗಿತ್ತು.’

ಅದೇನು ಎಂದು ಕೇಳಿದೆ. “ಅಯ್ಯೋ, ಅದು ಸುಮ್ನೆ” ಎಂದರು. ಸುಮ್ನೆ ಇರಲಾರದು ಅನ್ನಿಸಿತು. ಹೇಳಿ ಎಂದು ಕೂತೆ.

ಆವತ್ತು ಗಂಡ ಬರುವುದು ತಡವಾಗಿತ್ತು. ಮಗ ಗೆಳೆಯನ ಮನೆಯಲ್ಲಿ, ಮಗಳು ರೂಮಿನಲ್ಲಿ ಓದುತ್ತಿದ್ದಳು. ಅವಸರ ಇರಲಿಲ್ಲ. ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ, ಎಣ್ಣೆಗೆ ಹಾಕಿ, ಉರಿ ಪೂರ್ತಿ ಸಣ್ಣದು ಮಾಡಿ ನಿಂತರಂತೆ. ಮೊದಲು ನೀರು ಬಿಟ್ಟುಕೊಂಡು ಚಿರ್ ಎನ್ನುವ ಸದ್ದು. ಆಮೇಲೆ ಸದ್ದು ಇಳಿಯಿತು. ಚೂರುಗಳು ಗಾಜಿನ ಹಾಗೆ ಪಾರದರ್ಶಕವಾಗಿ, ಮತ್ತೆ ನಿಧಾನಕ್ಕೆ ಜೇನಿನ ಬಣ್ಣಕ್ಕೆ ಬಂದವು. ಬಾಣಲೆಯ ಅಂಚಿಗೆ ಅಂಟಿದ್ದ ಎರಡು ಎಳೆಯನ್ನು ಬೆರಳಲ್ಲೇ ಕೆರೆದು ಬಾಯಿಗೆ ಹಾಕಿಕೊಂಡರು. “ಅಷ್ಟು ಸಿಹಿ ಮೇಡಂ! ಯಾರೂ ಸಕ್ಕರೆ ಹಾಕಿಲ್ಲ.” ಹೇಳುವಾಗ ಅವರ ಕೈ ಗಾಳಿಯಲ್ಲೇ ಸೌಟು ಆಡಿಸುತ್ತಿತ್ತು. ಎರಡು ವಾರದಲ್ಲಿ ಅವರ ಮುಖ ಅರಳಿದ್ದನ್ನು ಮೊದಲ ಸಲ ನೋಡಿದೆ.

ಯಾರೂ ಸಕ್ಕರೆ ಹಾಕಿಲ್ಲ, ನಿಜ. ಈರುಳ್ಳಿಯೊಳಗೆ ಸಕ್ಕರೆ ಮೊದಲೇ ಇರುತ್ತದೆ. ಹಸಿ ಇದ್ದಾಗ ಘಾಟು ಅದನ್ನು ಮುಚ್ಚಿರುತ್ತದೆ. ಸಣ್ಣ ಉರಿಯಲ್ಲಿ ಘಾಟು ಹೋಗಿ, ನೀರು ಆರಿ, ಸಿಹಿ ಮೇಲೆ ಬರುತ್ತದೆ. ಉರಿ ಜೋರು ಮಾಡಿದರೆ ಹೊರಗೆ ಸೀದು ಹೋಗುತ್ತದೆ, ಒಳಗೆ ಹಸಿಯೇ ಉಳಿಯುತ್ತದೆ. ಅದಕ್ಕೆ ಬೇಕಾದದ್ದು ಸಮಯ. ಅವರಿಗೂ ಅದೇ ಇರಲಿಲ್ಲ.

ಆ ದಿನ ಇನ್ನೊಂದು ಪ್ರಶ್ನೆ ಕೇಳಿದೆ. ನಿಮಗೆ ಏನು ಇಷ್ಟ? ಗಂಡನಿಗೆ ಖಾರ ಇರಬೇಕು, ಮಗನಿಗೆ ಖಾರ ಸೋಕಬಾರದು, ಮಗಳಿಗೆ ಎಣ್ಣೆ ಆಗಲ್ಲ ಎಂದು ಪಟಪಟ ಹೇಳಿದರು. ಅವರದ್ದಲ್ಲ, ನಿಮ್ಮದು ಎಂದೆ. ತುಂಬ ಹೊತ್ತು ಸುಮ್ಮನಿದ್ದರು. “ಹುಳಿ” ಎಂದರು ಕೊನೆಗೆ. “ಹುಳಿ ಮುಂದಾಗಿರೋ ಅಡುಗೆ ನಂಗಿಷ್ಟ. ಮಾಡಿ ವರ್ಷಗಳೇ ಆಯ್ತು.”

ನನಗೆ ಪ್ರಕರಣದ ಗಂಟು ಕಂಡಿದ್ದು ಆಗಲೇ. ಅಡುಗೆ ಜಾಸ್ತಿಯಾಗಿ ದಣಿದವರಲ್ಲ ಇವರು. ತಮ್ಮ ನಾಲಿಗೆಯನ್ನೇ ಲೆಕ್ಕದಿಂದ ಬಿಟ್ಟು, ಮೂರು ನಾಲಿಗೆಗಳ ಕಾವಲು ಕಾಯುತ್ತಿದ್ದವರು.

ಮೂರನೇ ಭೇಟಿಗೆ ಗಂಡನನ್ನೂ ಕರೆಸಿದೆ. ಒಳ್ಳೆಯ ಮನುಷ್ಯ. “ನಾನು ಯಾವತ್ತೂ ಆಗಲ್ಲ ಅಂದಿಲ್ಲ ಮೇಡಂ. ಹೇಳಿದ್ರೆ ಮಾಡ್ತೀನಿ” ಎಂದರು. ಹೆಂಡತಿ ತಟ್ಟನೆ, “ಹೇಳೋದೇ ಒಂದು ಕೆಲಸ ಅಲ್ವೇನ್ರಿ?” ಎಂದರು. ಆ ಮಾತಿಗೆ ಗಂಡ ನಿಜಕ್ಕೂ ಬೆಚ್ಚಿದರು. ಆಲಿಸನ್ ಡ್ಯಾಮಿಂಗರ್ ಎಂಬ ಸಮಾಜಶಾಸ್ತ್ರಜ್ಞೆ 35 ಜೋಡಿಗಳನ್ನು ಮಾತಾಡಿಸಿ 2019ರಲ್ಲಿ ಇದನ್ನೇ ಬಿಡಿಸಿಟ್ಟಿದ್ದಾರೆ. ಮನೆಗೆಲಸದ ಯೋಚನೆಯಲ್ಲಿ ನಾಲ್ಕು ಹಂತ: ಏನು ಬೇಕಾಗಬಹುದು ಎಂದು ಮೊದಲೇ ಊಹಿಸುವುದು, ದಾರಿ ಹುಡುಕುವುದು, ತೀರ್ಮಾನ ಮಾಡುವುದು, ಆಮೇಲೆ ಅದು ಆಯಿತೋ ಇಲ್ಲವೋ ನೋಡುತ್ತಿರುವುದು. ತೀರ್ಮಾನವನ್ನು ಹೆಚ್ಚಾಗಿ ಇಬ್ಬರೂ ಸೇರಿ ಮಾಡುತ್ತಾರೆ. ಮೊದಲನೆಯದೂ ಕೊನೆಯದೂ ಹೆಚ್ಚಾಗಿ ಹೆಂಗಸರ ಪಾಲು. ಇದನ್ನು ಹೇಳಿದಾಗ ಗಂಡ ಕಾಗದ ಕೇಳಿ ಬರೆದುಕೊಂಡರು.

ನಾನು ಹೇಳಿದ್ದು ಇಷ್ಟು. ವಾರದಲ್ಲಿ ಎರಡು ರಾತ್ರಿಯ ಊಟ ಪೂರ್ತಿ ಗಂಡನದು. ‘ಸಹಾಯ’ ಅನ್ನುವ ಮಾತೇ ಬೇಡ. ಏನು ಮಾಡುವುದೆಂದು ಯೋಚಿಸುವುದು, ಸಾಮಾನು ಇದೆಯಾ ನೋಡುವುದು, ತರುವುದು, ಮಾಡುವುದು, ಪಾತ್ರೆ ತೊಳೆದು ಒಲೆ ಒರೆಸುವುದು ಎಲ್ಲ ಸೇರಿ ಅವರದು. ಆ ಎರಡು ದಿನ ಇವರು ಅಡುಗೆಮನೆಗೆ ಇಣುಕಬಾರದು. ಈ ಎರಡನೆಯದೇ ಜಾಸ್ತಿ ಕಷ್ಟ ಎಂದು ಇವರಿಗೆ ಮೊದಲೇ ಎಚ್ಚರಿಸಿದೆ.

ವಾರಕ್ಕೊಂದು ಅಡುಗೆ ಇವರ ನಾಲಿಗೆಗೆ. ಹುಳಿ ಮುಂದಾಗಿಯೇ ಇರಲಿ. ಬೇಕಾದವರು ತಿನ್ನಲಿ. ಮಗ ಮುಖ ಕಿವುಚಿದರೆ? ಮಕ್ಕಳ ಊಟದ ಬಗ್ಗೆ ಎಲಿನ್ ಸ್ಯಾಟರ್ ಎಂಬ ಆಹಾರತಜ್ಞೆ ಹಾಕಿಕೊಟ್ಟ ಹಂಚಿಕೆ ನನಗೆ ತುಂಬ ಸರಿ ಅನ್ನಿಸುತ್ತದೆ. ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರದು. ತಿನ್ನಬೇಕೇ, ಎಷ್ಟು ತಿನ್ನಬೇಕು ಎಂಬುದು ಮಗುವಿನದು. ಅವನು ತಿನ್ನುವಂಥದ್ದು ಒಂದು ಮೇಜಿನ ಮೇಲಿದ್ದರೆ ಸಾಕು, ಅವನಿಗಾಗಿ ಬೇರೆ ಅಡುಗೆ ಬೇಡ. ಬಲವಂತವೂ ಬೇಡ. ಹೊಸ ರುಚಿಗೆ ಮಕ್ಕಳು ಒಗ್ಗಲು ಹತ್ತು ಸಲವಾದರೂ ಬೇಕಾಗುವುದು ಮಾಮೂಲು.

ಇನ್ನೊಂದು ಚಿಕ್ಕ ವಿಷಯ. ಮಾಡಿದವರಿಗೇ ಊಟ ರುಚಿಸುವುದಿಲ್ಲ ಎಂಬುದು ಹಳೆಯ ಮಾತು. ಅದಕ್ಕೆ ಕಾರಣವಿದೆ. ಒಂದೇ ವಾಸನೆಯಲ್ಲಿ ಬಹಳ ಹೊತ್ತಿದ್ದರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ, ಮತ್ತೆ ಗಮನಿಸುವುದಿಲ್ಲ. ರುಚಿಯ ಬಹುಪಾಲು ವಾಸನೆಯೇ. ಒಲೆ ಆರಿಸಿ ಐದು ನಿಮಿಷ ಹೊರಗೆ ಗಾಳಿಯಲ್ಲಿ ನಿಂತು ಬನ್ನಿ, ಆಮೇಲೆ ಎಲ್ಲರ ಜೊತೆ ಕೂತು ತಿನ್ನಿ ಎಂದೆ. ಬಡಿಸುತ್ತಾ ನಿಲ್ಲುವುದು ಬೇಡ. ಪಾತ್ರೆ ಮೇಜಿನ ಮಧ್ಯೆ ಇರಲಿ, ಎಲ್ಲರಿಗೂ ಕೈ ಇದೆ.

ನೋಟ್‌ಬುಕ್ ಬಿಟ್ಟುಬಿಡಿ ಎಂದೂ ಹೇಳಿದೆ.

ಎಲ್ಲವೂ ಸಲೀಸಾಗಿ ಆಗಲಿಲ್ಲ. ಗಂಡನ ಮೊದಲ ಸರದಿಯಲ್ಲಿ ಊಟಕ್ಕೆ ಹತ್ತು ಗಂಟೆಯಾಯಿತು, ಉಪ್ಪೂ ಮರೆತಿತ್ತು. ಇವರು ಮಂಚದ ಮೇಲೆ ಕೈಕಟ್ಟಿ ಕೂತು, ಪಾತ್ರೆಯ ಸದ್ದು ಕೇಳುತ್ತಾ ಚಡಪಡಿಸಿದರಂತೆ. ಎರಡನೇ ವಾರ ತಡೆಯಲಾರದೆ ಹೋಗಿ ಉರಿ ಕಡಿಮೆ ಮಾಡಿ ಬಂದರು. ಅದಕ್ಕೆ ಚಿಕ್ಕ ಜಗಳವೂ ಆಯಿತು. ಹುಳಿ ಅಡುಗೆಯನ್ನು ಮಗ ಮೂಸಿಯೂ ನೋಡಲಿಲ್ಲ. ಮಗಳು ಮಾತ್ರ ಎರಡು ಸಲ ಹಾಕಿಸಿಕೊಂಡು, “ಇದನ್ನ ಯಾಕಮ್ಮ ಇಷ್ಟು ದಿನ ಮಾಡ್ಲಿಲ್ಲ?” ಎಂದಳಂತೆ. ಇದನ್ನು ಹೇಳುವಾಗ ಅವರ ಕಣ್ಣು ತುಂಬಿತು. ನನ್ನದೂ.

ಎರಡು ತಿಂಗಳ ಮೇಲೆ ಮತ್ತೆ ಅದೇ ಒಂಬತ್ತು ಪ್ರಶ್ನೆ ಕೇಳಿದೆ. 8 ಇದ್ದದ್ದು 3ಕ್ಕೆ ಇಳಿದಿತ್ತು. ಸಂಜೆ ಅಳು ಬರುತ್ತದಾ ಎಂದಾಗ, “ಕೆಲವು ದಿನ ಬೇಜಾರು ಇರುತ್ತೆ. ಅಳು ಇಲ್ಲ” ಎಂದರು. ಇಳಿದ ಅಂಕ ಮತ್ತೆ ಏರಿದರೆ, ಅಥವಾ ಎರಡು ವಾರ ದಿನವಿಡೀ ಮನಸ್ಸು ಮಂಕಾದರೆ ಕಾಯದೆ ಬನ್ನಿ ಎಂದು ಹೇಳಿದ್ದೇನೆ.

ಹೊರಡುವಾಗ ನೋಟ್‌ಬುಕ್ ಏನಾಯಿತು ಎಂದು ಕೇಳಿದೆ. ಅದು ಈಗ ಅಡುಗೆಮನೆಯ ಕಪಾಟಿನಲ್ಲಿದೆಯಂತೆ. ಪೆನ್ಸಿಲ್ ಸಾಲಿನ ಕೆಳಗೆ ಮಗಳು ಪೆನ್ನಿನಲ್ಲಿ ಬರೆದಿದ್ದಾಳೆ: ‘ಸಣ್ಣ ಉರಿ. 40 ನಿಮಿಷ. ಅಮ್ಮನ್ನ ಮಾತಾಡಿಸಬಾರದು.’